ರಾಜ್ಯೋತ್ಸವಕ್ಕೆ ಒಂದು ವಾರ ಮುಂಚೆ

ನವೆಂಬರ್ ಒಂದು ಬಂತೆಂದರೆ ಕರ್ನಾಟಕದ ಎಲ್ಲ ಊರಿಗೂ ಹಬ್ಬ. ಕೊಳ್ಳೇಗಾಲ ಸೀಮೆಯವರಾದ ನಮಗೆ ಅದು ಒಂದು ಕೈ ಹೆಚ್ಚು. 1956ರ ಅಕ್ಟೋಬರ್ 31ರಂದು ಮೈಸೂರಿನವರು ಮೈಸೂರು ರಾಜ್ಯದಲ್ಲೇ ಇದ್ದರು, ಮಾರನೆಯ ದಿನವೂ ಅಲ್ಲೇ ಇದ್ದರು. ನಾವು ಮಾತ್ರ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯವರಾಗಿ ಮಲಗಿ, ಬೆಳಗ್ಗೆ ಮೈಸೂರಿನವರಾಗಿ ಎದ್ದೆವು. ಮನೆಯಲ್ಲಿ ಆಡುವುದು ಕನ್ನಡ, ಹಾಡುವುದು ಕನ್ನಡ, ಮಾದಪ್ಪನಿಗೆ ಉಘೇ ಎನ್ನುವುದೂ ಕನ್ನಡದಲ್ಲೇ. ಆದರೆ ಜಿಲ್ಲಾ ಕಚೇರಿಗೆ ಹೋಗಬೇಕೆಂದರೆ ನಮ್ಮ ಲೊಕ್ಕನಹಳ್ಳಿಯವನು ಒಡೆಯರಪಾಳ್ಯ, ಹಾಸನೂರು ದಾಟಿ ದಿಂಬಂ ಘಾಟಿ ಇಳಿಯಬೇಕಿತ್ತು. ಪಕ್ಕದ ಯಳಂದೂರಿನವರದು ಬೇರೆ ಕತೆ. ಅದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು, ಮೊದಲಿನಿಂದಲೂ ಮೈಸೂರಿನದೇ. ಒಂದೇ ಬೆಟ್ಟದ ಈ ಕಡೆ ಮದರಾಸು, ಆ ಕಡೆ ಮೈಸೂರು.

ಹಾಗಾಗಿ ನಮ್ಮ ಶಾಲೆಯ ಮಕ್ಕಳು ಭುವನೇಶ್ವರಿಯ ಪಟ ಹೊತ್ತು ಮೆರವಣಿಗೆ ಹೊರಟಾಗ ನನಗೆ ನಿಜವಾಗಿ ಎದೆ ತುಂಬಿ ಬರುತ್ತದೆ. ಅದು ಎರವಲು ತಂದ ಹಬ್ಬವಲ್ಲ, ನಮ್ಮದೇ. ಆ ಸಂತೋಷದ ನಡುವೆಯೇ ಬಹಳ ದಿನದಿಂದ ನನ್ನನ್ನು ಕಾಡುತ್ತಿರುವ ಇನ್ನೊಂದು ತಾರೀಕು ಇದೆ, ರಾಜ್ಯೋತ್ಸವಕ್ಕೆ ಸರಿಯಾಗಿ ಒಂದು ವಾರ ಮುಂಚಿನದು. ಅಕ್ಟೋಬರ್ 25. 1975ರಲ್ಲಿ ಆ ದಿನ ಈ ದೇಶದಲ್ಲಿ ಜೀತ ರದ್ದಾಯಿತು. ಸುಗ್ರೀವಾಜ್ಞೆಯಾಗಿ ಬಂದದ್ದು 1976ರ ಫೆಬ್ರವರಿ 9ಕ್ಕೆ ಕಾಯಿದೆಯಾಯಿತು. ಆ ಕಾಯಿದೆಯಲ್ಲೂ ಬಿಡುಗಡೆಯ ದಿನವನ್ನು ಹಿಂದಕ್ಕೆ ಹೋಗಿ ಅಕ್ಟೋಬರ್ 25 ಎಂದೇ ಇಟ್ಟರು. ಲೊಕ್ಕನಹಳ್ಳಿಯ ಟೀ ಅಂಗಡಿಯ ಮುಂದೆ ನಿಂತು ಆ ತಾರೀಕು ಯಾವುದೆಂದು ಕೇಳಿದರೆ, ಯಾರದೋ ಮದುವೆಯೇ ಎಂದು ಕೇಳುತ್ತಾರೆ. ಕೇಳುವವರ ಪೈಕಿ ಕೆಲವರ ಅಪ್ಪಂದಿರು ಆ ದಿನದ ಫಲಾನುಭವಿಗಳು.

ಈ ವಿಷಯ ತಲೆಯಲ್ಲಿ ತಿರುಗುತ್ತಿದ್ದಾಗಲೇ ನನಗೆ ವಾಷಿಂಗ್ಟನ್ ನಗರದ ಏಪ್ರಿಲ್ 16ರ ಬಗ್ಗೆ ಓದಲು ಸಿಕ್ಕಿತು. ಅಮೆರಿಕದಲ್ಲಿರುವ ಕನ್ನಡ ಮನೆಗಳವರಿಗೆ ಆ ದಿನ ತೆರಿಗೆಯ ನೆಪದಲ್ಲಾದರೂ ಗೊತ್ತಿರುತ್ತದೆ. ಅಲ್ಲಿ ಏಪ್ರಿಲ್ 15 ವರಮಾನ ತೆರಿಗೆಯ ಕೊನೆಯ ದಿನ. ರಾಜಧಾನಿಯಲ್ಲಿ ವಿಮೋಚನಾ ದಿನದ ರಜೆ ಅದಕ್ಕೆ ಅಡ್ಡ ಬಂದ ವರ್ಷ ದೇಶಕ್ಕೆಲ್ಲ ಗಡುವು ಮುಂದಕ್ಕೆ ಹೋಗುತ್ತದೆ. 2022ರಲ್ಲಿ ಹೀಗೆಯೇ ಏಪ್ರಿಲ್ 18ಕ್ಕೆ ಹೋಯಿತು. ಮೂರು ದಿನ ಸಿಕ್ಕಿತಲ್ಲ ಎಂದು ನೆಮ್ಮದಿಪಟ್ಟವರಲ್ಲಿ ಎಷ್ಟು ಜನ ಯಾಕೆಂದು ಕೇಳಿದ್ದಾರೋ! ಯಾಕೆಂದರೆ ಇದು: 1862ರ ಏಪ್ರಿಲ್ 16ರಂದು ಅಧ್ಯಕ್ಷ ಲಿಂಕನ್ ಒಂದು ಕಾಯಿದೆಗೆ ಸಹಿ ಹಾಕಿದರು. ಅದರಿಂದ ರಾಜಧಾನಿಯಲ್ಲಿದ್ದ ಸುಮಾರು 3,100 ಗುಲಾಮರು ಬಿಡುಗಡೆಯಾದರು. ದೇಶಕ್ಕೆಲ್ಲ ಹೆಸರಾದ ಅವರ ವಿಮೋಚನಾ ಘೋಷಣೆ ಜಾರಿಯಾದದ್ದು 1863ರ ಜನವರಿ 1ಕ್ಕೆ. ರಾಜಧಾನಿಯವರು ಎಂಟೂವರೆ ತಿಂಗಳು ಮುಂಚೆಯೇ ಸ್ವತಂತ್ರರು.

ಆ ಊರಿನಲ್ಲಿ ಗುಲಾಮಗಿರಿ ಎಲ್ಲೋ ಮೂಲೆಯಲ್ಲಿ ಇದ್ದದ್ದಲ್ಲ. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಮನುಷ್ಯ ಸಾಲೊಮನ್ ನಾರ್ಥಪ್‌ನನ್ನು 1841ರಲ್ಲಿ ಮೋಸದಿಂದ ಹಿಡಿದು ಕೂಡಿಹಾಕಿದ ಗುಲಾಮರ ದೊಡ್ಡಿ ಇದ್ದದ್ದು ವಾಷಿಂಗ್ಟನ್ನಿನಲ್ಲಿ, ಸಂಸತ್ ಭವನ ಕಣ್ಣಿಗೆ ಕಾಣುವಷ್ಟು ಹತ್ತಿರ. ಅವನು ಹನ್ನೆರಡು ವರ್ಷ ಗುಲಾಮನಾಗಿದ್ದು ಬಿಡಿಸಿಕೊಂಡು ಬಂದು ಬರೆದ ಪುಸ್ತಕ ಈಗ ಸಿನಿಮಾ ಕೂಡ ಆಗಿದೆ.

ಲಿಂಕನ್ ಸಹಿ ಹಾಕಿದ ಆ ಕಾಯಿದೆಯಲ್ಲಿ ನನ್ನನ್ನು ಅತ್ಯಂತ ಕಲಕಿದ್ದು ದುಡ್ಡಿನ ಲೆಕ್ಕ. ಬಿಡುಗಡೆಗೆಂದು ಸರ್ಕಾರ 10 ಲಕ್ಷ ಡಾಲರ್ ತೆಗೆದಿಟ್ಟಿತು, ಒಬ್ಬೊಬ್ಬರಿಗೆ ಸರಾಸರಿ 300 ಡಾಲರ್ ಮೀರದ ಹಾಗೆ. ಆ ದುಡ್ಡು ಹೋದದ್ದು ಒಡೆಯರಿಗೆ. ಗುಲಾಮನಿಗೆ ಸಿಗಬಹುದಾಗಿದ್ದುದು ಹೆಚ್ಚೆಂದರೆ 100 ಡಾಲರ್, ಅದೂ ದೇಶ ಬಿಟ್ಟು ಹೈಟಿಗೋ ಲೈಬೀರಿಯಾಕ್ಕೋ ಹೋಗಲು ಒಪ್ಪಿದರೆ. ತಲೆಮಾರುಗಟ್ಟಲೆ ದುಡಿಸಿಕೊಂಡವನಿಗೆ ಪರಿಹಾರ, ದುಡಿದವನಿಗೆ ಹಡಗಿನ ಚಾರ್ಜು!

ಫಿಲಿಪ್ ರೀಡ್ ಎಂಬವನ ಕತೆ ಕೇಳಿ. ಅಮೆರಿಕದ ಸಂಸತ್ ಭವನದ ಗುಮ್ಮಟದ ತುದಿಯಲ್ಲಿ ಹತ್ತೊಂಬತ್ತೂವರೆ ಅಡಿ ಎತ್ತರದ ಕಂಚಿನ ಸ್ವಾತಂತ್ರ್ಯದೇವಿ ನಿಂತಿದ್ದಾಳೆ. ಆ ವಿಗ್ರಹವನ್ನು ಎರಕ ಹೊಯ್ದ ಕ್ಲಾರ್ಕ್ ಮಿಲ್ಸ್ ಎಂಬ ಶಿಲ್ಪಿಯ ಕಾರ್ಖಾನೆಯಲ್ಲಿ ರೀಡ್ ಗುಲಾಮ. ಅಚ್ಚುಗಳ ಅಡಿಯ ಬೆಂಕಿ ಆರದಂತೆ ಕಾಯುವುದು ಅವನ ಕೆಲಸಗಳಲ್ಲೊಂದು. ವಾರದ ಆರು ದಿನದ ಕೂಲಿ ಒಡೆಯನ ಕೈಗೆ. ಭಾನುವಾರ ದುಡಿದರೆ ಮಾತ್ರ ದಿನಕ್ಕೆ ಒಂದೂಕಾಲು ಡಾಲರ್ ಅವನ ಕೈಗೆ. 33 ಭಾನುವಾರ ದುಡಿದು ಅವನು 41 ಡಾಲರ್ 25 ಸೆಂಟ್ ಪಡೆದ ಲೆಕ್ಕ ಸರ್ಕಾರಿ ಕಾಗದದಲ್ಲಿ ಇವತ್ತಿಗೂ ಇದೆ. ಬಿಡುಗಡೆಯ ಕಾಯಿದೆ ಬಂದಾಗ ಮಿಲ್ಸ್ ಇವನಿಗಾಗಿ 1,500 ಡಾಲರ್ ಕೇಳಿದ, ಸಿಕ್ಕಿದ್ದು 350 ಡಾಲರ್ 40 ಸೆಂಟ್. ಅರ್ಜಿಯಲ್ಲಿ ಅವನ ವಯಸ್ಸು 42 ಎಂದು ಬರೆದು, ಕುಳ್ಳ, ನೋಡಲು ಅಷ್ಟಕ್ಕಷ್ಟೆ, ಬುದ್ಧಿ ಮಾತ್ರ ಚುರುಕು, ಎರಕದ ಕೆಲಸದಲ್ಲಿ ಗಟ್ಟಿಗ ಎಂಬ ಅರ್ಥದ ವಿವರ ಕೊಟ್ಟಿದ್ದಾನೆ. ಜಾತ್ರೆಯಲ್ಲಿ ಎತ್ತಿನ ಹಲ್ಲು, ಸುಳಿ ನೋಡಿ ಹೇಳುವ ರೀತಿ. 1863ರ ಡಿಸೆಂಬರ್ 2ರಂದು ಆ ದೇವಿಯ ಕೊನೆಯ ಭಾಗವನ್ನು ಗುಮ್ಮಟದ ಮೇಲೆ ಕೂರಿಸುವ ಹೊತ್ತಿಗೆ ರೀಡ್ ಸ್ವತಂತ್ರನಾಗಿದ್ದ.

ಗೇಬ್ರಿಯಲ್ ಕೋಕ್ಲಿ ಎಂಬ ಇನ್ನೊಬ್ಬ ಕಪ್ಪು ಮನುಷ್ಯನಿದ್ದ. ಅವನು ಸ್ವತಂತ್ರ. ಗುಲಾಮಳಾಗಿದ್ದ ಹೆಂಡತಿಯನ್ನೂ ಮಕ್ಕಳನ್ನೂ ತಾನೇ ದುಡ್ಡು ಕೊಟ್ಟು ಕೊಂಡಿದ್ದ. ಕಾನೂನಿನ ಪ್ರಕಾರ ಅವನೇ ಅವರ ಒಡೆಯ. ಕಾಯಿದೆ ಬಂದಾಗ ಆ ಹೆಂಡತಿ ಮಕ್ಕಳ ಬಾಬ್ತು ಅವನೂ ಅರ್ಜಿ ಹಾಕಿ ಪರಿಹಾರ ಪಡೆದ. ಇದನ್ನು ಓದಿ ಎಷ್ಟೋ ಹೊತ್ತು ನನಗೆ ಮುಂದಿನ ಪುಟ ತಿರುಗಿಸಲು ಆಗಲಿಲ್ಲ.

ನಮ್ಮ ಕಾಯಿದೆಯ ವಿಚಾರಕ್ಕೆ ಬರುತ್ತೇನೆ. ಇಲ್ಲಿ ನನಗೆ ದೊಡ್ಡ ಹೆಮ್ಮೆ ಇದೆ, ಮುಚ್ಚಿಡುವುದಿಲ್ಲ. 1976ರ ಕಾಯಿದೆ ಒಡೆಯನಿಗೆ ಕಾಸೂ ಕೊಡಲಿಲ್ಲ. ಜೀತದ ಸಾಲ ಇದ್ದಲ್ಲೇ ತೀರಿತು ಎಂದಿತು. ತೀರಿದ ಸಾಲವನ್ನು ವಸೂಲಿ ಮಾಡಹೊರಟರೆ ಅದೇ ಅಪರಾಧ. ಅಡವಿಟ್ಟ ಜಮೀನಿದ್ದರೆ ವಾಪಸು ಕೊಡಬೇಕು. ಜೀತದಾಳು ಇರುವ ಗುಡಿಸಲಿನಿಂದ ಅವನನ್ನು ಎಬ್ಬಿಸುವಂತಿಲ್ಲ. ಜೀತಕ್ಕಿಟ್ಟುಕೊಂಡರೆ ಮೂರು ವರ್ಷದವರೆಗೆ ಸಜೆ. ಎಲ್ಲಕ್ಕಿಂತ ಮುಖ್ಯವಾದದ್ದು ಹದಿನೈದನೆಯ ಕಲಮು. ಇದು ಜೀತದ ಸಾಲ ಎಂದು ಆಳು ಹೇಳಿದರೆ ಸಾಕು, ಅಲ್ಲವೆಂದು ಸಾಬೀತು ಮಾಡುವುದು ಸಾಲ ಕೊಟ್ಟವನ ಹೊಣೆ. ಓದುಬರಹ ಬಾರದವನ ಮಾತನ್ನು ನಂಬಿ, ಲೆಕ್ಕದ ಪುಸ್ತಕ ಇಟ್ಟುಕೊಂಡವನನ್ನು ಸಾಕ್ಷಿ ಕೇಳುವ ಕಾನೂನು ಅದು. ಅದನ್ನು ಬರೆದವರು ಹಳ್ಳಿಯನ್ನು ಬಲ್ಲವರಾಗಿರಬೇಕು. ಕರ್ನಾಟಕದಲ್ಲಿ ಅದು ದೇವರಾಜ ಅರಸರ ಕಾಲ. ಭೂಸುಧಾರಣೆ, ಋಣಪರಿಹಾರ, ಜೀತ ವಿಮುಕ್ತಿ ಒಂದರ ಹಿಂದೊಂದು ಬಂದವು. ರಾಜ್ಯದಲ್ಲಿ ಇದುವರೆಗೆ ಗುರುತಿಸಿ ಬಿಡಿಸಿದ ಜೀತದಾಳುಗಳ ಸಂಖ್ಯೆ ಸರ್ಕಾರದ ಲೆಕ್ಕದಲ್ಲೇ 60 ಸಾವಿರ ಮೀರುತ್ತದೆ. ವಾಷಿಂಗ್ಟನ್ನಿನ 3,100ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅವರು ಆ 3,100 ಜನರಿಗಾಗಿ ರಸ್ತೆ ತುಂಬ ಮೆರವಣಿಗೆ ಮಾಡುತ್ತಾರೆ.

ನಮ್ಮ ಬೀದಿಯಲ್ಲಿ ನಾನು ದೊಡ್ಡಪ್ಪ ಎಂದು ಕರೆಯುವ ಹಿರಿಯರೊಬ್ಬರಿದ್ದಾರೆ. ಹಾಲುಹಲ್ಲು ಬೀಳುವ ವಯಸ್ಸಿಗೇ ಜೀತಕ್ಕೆ ಸೇರಿದವರು. ಅವರ ಅಕ್ಕನ ಮದುವೆಗೆ ಅಪ್ಪ ಸಾಲ ಮಾಡಿದ್ದ. ಎಷ್ಟು ಎಂದು ಕೇಳಿದರೆ, “ನಮ್ಮಪ್ಪಗೇ ಗೊತ್ತಿರ್ನಿಲ್ಲ ಕನ ಮೊಗ, ನನಗೆಂಗೆ ಗೊತ್ತಾದದು?” ಎನ್ನುತ್ತಾರೆ. ಯುಗಾದಿಯಿಂದ ಯುಗಾದಿಗೆ ಒಂದು ವರ್ಷ. ವರ್ಷಕ್ಕೆ ಒಂದು ಕಂಬಳಿ, ಇಷ್ಟು ರಾಗಿ. ಕೋಳಿ ಕೂಗುವ ಮುಂಚೆ ಎದ್ದು ಕೊಟ್ಟಿಗೆಯ ಸಗಣಿಯನ್ನು ಮಂಕರಿಗೆ ತುಂಬಿ ತಿಪ್ಪೆಗೆ ಹಾಕಬೇಕು. ದನ ಹೊಡೆದುಕೊಂಡು ಕಾಡಂಚಿಗೆ ಹೋಗಬೇಕು. ಹಿತ್ತಲ ಬಾಗಿಲಲ್ಲಿ ಮುತ್ತುಗದ ಎಲೆಗೆ ಹಿಟ್ಟು ಹಾಕುತ್ತಿದ್ದರು, ಕುಡಿಯುವ ನೀರು ತೆಂಗಿನ ಚಿಪ್ಪಿಗೆ. ಆ ಚಿಪ್ಪನ್ನು ಅವರು ಕೊಟ್ಟಿಗೆಯ ಸೂರಿನ ಸಂದಿಗೆ ಸಿಕ್ಕಿಸಿಡಬೇಕಿತ್ತು, ಮನೆಯ ಪಾತ್ರೆಗೆ ತಾಗದ ಹಾಗೆ. ಬೆಳೆಯ ಕಾಲದಲ್ಲಿ ರಾತ್ರಿ ಅಟ್ಟಣೆ ಹತ್ತಿ ಆನೆ ಹಂದಿ ಕಾಯುವುದು. ಚಳಿ ಹೇಗಿತ್ತು ಎಂದರೆ, “ಕಂಬಳಿ ಇತ್ತಲ್ಲ” ಎಂದು ಮಾತು ಮುಗಿಸುತ್ತಾರೆ.

ಬಿಡುಗಡೆಯ ದಿನವನ್ನು ಅವರು ಹೇಳುವ ರೀತಿ ನಾನು ಮರೆಯಲಾರೆ. “ಸರ್ಕಾರದೋರು ಬಂದು ಇನ್ನು ನೀ ಜೀತ ಅಲ್ಲ ಅಂದ್ರು. ಹೆಬ್ಬೆಟ್ಟು ಒತ್ತಿಸ್ಕಂಡ್ರು. ಬೈಗಾದ ಮ್ಯಾಲೆ ನಾ ಹೋಗಿ ದನ ಕಟ್ದೆ. ಇಲ್ದಿದ್ರ ಅವ ಯಾರು ಕಟ್ಟರು?” ದನಗಳು ಕಾಡಿನಿಂದ ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಂತಿರುತ್ತವೆ, ಅವಕ್ಕೆ ಕಾಯಿದೆ ಗೊತ್ತಿಲ್ಲ. ಹುಲಿ ಚಿರತೆಯ ಊರು. ಕಟ್ಟದೆ ಬಿಟ್ಟು ಬರಲು ಅವರಿಗೆ ಮನಸ್ಸಾಗಲಿಲ್ಲ. ಬಿಡುಗಡೆಯ ದಿನದ ಆ ಕೊನೆಯ ಕೆಲಸವನ್ನು ಅವರು ಯಾರ ಮಾತಿಗೂ ಅಲ್ಲದೆ ತಮ್ಮ ಇಚ್ಛೆಯಿಂದ ಮಾಡಿದರು ಎಂದು ನಾನು ತಿಳಿದಿದ್ದೇನೆ. ಮಾರನೆಯ ದಿನ ಎಲ್ಲಿಗೆ ಹೋಗುವುದೆಂದು ಹೊಳೆಯಲಿಲ್ಲವಂತೆ. ಭೂಮಿ ಇಲ್ಲ, ಎತ್ತಿಲ್ಲ, ಕೈಯಲ್ಲಿ ಕಾಸಿಲ್ಲ. ಕೇಂದ್ರ ಸರ್ಕಾರ ಪುನರ್ವಸತಿ ಯೋಜನೆ ತಂದದ್ದೇ 1978ರಲ್ಲಿ, ಆಗ ಒಬ್ಬರಿಗೆ 4,000 ರೂಪಾಯಿ. 2016ರ ಯೋಜನೆಯಲ್ಲಿ ಅದು ಒಂದು ಲಕ್ಷದಿಂದ ಮೂರು ಲಕ್ಷದವರೆಗೆ ಆಯಿತು. ಅದು ಕೈಗೆ ಬರಬೇಕಾದರೆ ಅಧಿಕಾರಿಯ ಸಹಿ ಇರುವ ಬಿಡುಗಡೆ ಪತ್ರ ಬೇಕು. ಆ ಪತ್ರಕ್ಕಾಗಿ ವರ್ಷಗಟ್ಟಲೆ ಅಲೆದವರ ಜೊತೆ ನಿಂತು ಹೋರಾಡಿದ ಜೀವಿಕದಂಥ ಸಂಘಟನೆಗಳ ಕಾರ್ಯಕರ್ತರನ್ನು ಇಲ್ಲಿ ನೆನೆಯಬೇಕು.

ಹಿಂದಿನ ಕಾನೂನುಗಳು ನಮ್ಮನ್ನು ಮುಟ್ಟಲೇ ಇಲ್ಲವೇ ಎಂದು ನೀವು ಕೇಳಬಹುದು. ಕಾಗದದಲ್ಲಿ ಮುಟ್ಟಿದ್ದವು. ಕೊಳ್ಳೇಗಾಲ ಕಂಪನಿ ಸರ್ಕಾರದ ನೇರ ಆಡಳಿತದಲ್ಲಿ ಇದ್ದುದರಿಂದ 1843ರ ಐದನೆಯ ಆಕ್ಟು ಇಲ್ಲಿಗೂ ಅನ್ವಯಿಸಿತು. ಗುಲಾಮನ ಮೇಲೆ ಒಡೆಯನ ಹಕ್ಕನ್ನು ಕೋರ್ಟುಗಳು ಒಪ್ಪಬಾರದು ಎಂದಿತು ಅದು. ಆಮೇಲೆ ಮನುಷ್ಯರನ್ನು ಗುಲಾಮರೆಂದು ಕೊಳ್ಳುವುದು ಮಾರುವುದನ್ನು ಅಪರಾಧ ಮಾಡಿದ ದಂಡಸಂಹಿತೆ ಜಾರಿಯಾದದ್ದು 1862ರ ಜನವರಿ 1ಕ್ಕೆ, ವಾಷಿಂಗ್ಟನ್ನಿಗಿಂತ ಮೂರೂವರೆ ತಿಂಗಳು ಮುಂಚೆ. ಆದರೆ ನಮ್ಮ ಕಡೆ ಮನುಷ್ಯನನ್ನು ಸಂತೆಯಲ್ಲಿ ನಿಲ್ಲಿಸಿ ಮಾರುವ ಅಗತ್ಯವೇ ಇರಲಿಲ್ಲ. ಸಾಲ ಇತ್ತು, ಜಾತಿ ಇತ್ತು. ಅವೆರಡೂ ಸೇರಿ ಅವನನ್ನು ಅವನ ಹಟ್ಟಿಯಲ್ಲೇ ಕಟ್ಟಿಹಾಕಿದ್ದವು. ಕಾರಂತರ ‘ಚೋಮನ ದುಡಿ’ಯ ಜೀತದಾಳು ಚೋಮನಿಗೆ ಬೇಕಾಗಿದ್ದುದು ತುಂಡು ಭೂಮಿ. 1933ರ ಆ ಕಾದಂಬರಿ ಸಿನಿಮಾ ಆದದ್ದು 1975ರಲ್ಲಿ, ಜೀತ ರದ್ದಾದ ವರ್ಷವೇ.

ಇನ್ನು ಆಫ್ರಿಕಾದಿಂದ ಹಡಗಿನಲ್ಲಿ ಬಂದ ಗುಲಾಮರ ವಂಶದವರೂ ಕನ್ನಡ ನಾಡಿನಲ್ಲಿ ಇದ್ದಾರೆ. ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡು ಯಲ್ಲಾಪುರ, ಹಳಿಯಾಳದ ಕಾಡು ಸೇರಿದವರ ಮಕ್ಕಳು, ಸಿದ್ದಿಗಳು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನಲ್ಲಿ ಪ್ರಮಾಣ ವಚನ ತೆಗೆದುಕೊಂಡದ್ದನ್ನು ಟಿವಿಯಲ್ಲಿ ನೋಡಿ ನಾವು ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದ್ದೆವು. ಅವರ ಕತೆ ಇನ್ನೊಂದು ಸಲ ವಿವರವಾಗಿ ಹೇಳಬೇಕಾದದ್ದು.

ವಾಷಿಂಗ್ಟನ್ನಿನ ಇನ್ನೊಂದು ನೋವು ಹೇಳದೆ ಈ ಮಾತು ಮುಂದೆ ಸಾಗದು. ಆ ನಗರ ಯಾವ ರಾಜ್ಯಕ್ಕೂ ಸೇರಿಲ್ಲ, ಸಂಸತ್ತಿನ ನೇರ ಹಿಡಿತದಲ್ಲಿದೆ. 1862ರಲ್ಲಿ ಅಡ್ಡಿ ಹೇಳಲು ಅಲ್ಲಿ ರಾಜ್ಯ ಸರ್ಕಾರವೇ ಇರಲಿಲ್ಲ, ಅದಕ್ಕೇ ಅಲ್ಲಿನ ಗುಲಾಮರನ್ನು ಸಂಸತ್ತು ಅಷ್ಟು ಸಲೀಸಾಗಿ ಬಿಡಿಸಿತು. ಅದೇ ಹಿಡಿತ ಇವತ್ತು ಅವರ ಕೊರಳಿಗೆ ಉರುಳಾಗಿದೆ. 1867ರಲ್ಲಿ ಅಲ್ಲಿಯ ಕಪ್ಪು ಗಂಡಸರಿಗೆ ಮತ ಹಾಕುವ ಹಕ್ಕು ಬಂತು. ಏಳೇ ವರ್ಷದಲ್ಲಿ, 1874ರಲ್ಲಿ, ಸಂಸತ್ತು ಊರಿನ ಚುನಾಯಿತ ಆಡಳಿತವನ್ನೇ ತೆಗೆದು ಅಧ್ಯಕ್ಷರು ನೇಮಿಸಿದವರ ಕೈಗೆ ಕೊಟ್ಟಿತು. ಬಿಳಿಯರ ಮತವೂ ಹೋಯಿತು, ಕರಿಯರ ಮತವೂ ಹೋಯಿತು. ಅಧ್ಯಕ್ಷರ ಆಯ್ಕೆಯಲ್ಲಿ ಪಾಲ್ಗೊಳ್ಳಲು ಅವರು 1961ರ ತಿದ್ದುಪಡಿಯವರೆಗೆ ಕಾಯಬೇಕಾಯಿತು, ಮೇಯರನ್ನು ಆರಿಸಿಕೊಳ್ಳುವ ಆಡಳಿತಕ್ಕೆ 1973ರ ಕಾಯಿದೆಯವರೆಗೆ. ಸಂಸತ್ತಿನಲ್ಲಿ ಮತ ಹಾಕುವ ಒಬ್ಬ ಸದಸ್ಯನೂ ಇವತ್ತಿಗೂ ಅವರಿಗಿಲ್ಲ. ಏಳು ಲಕ್ಷದ ಹತ್ತಿರದ ಜನ, ವ್ಯೋಮಿಂಗ್ ಎಂಬ ಇಡೀ ರಾಜ್ಯಕ್ಕಿಂತ ಹೆಚ್ಚು. ಅವರ ಕಾರುಗಳ ನಂಬರ್ ಪ್ಲೇಟಿನ ಮೇಲೆ 2000ದಿಂದ ಪ್ರಾತಿನಿಧ್ಯವಿಲ್ಲದ ತೆರಿಗೆಯ ದೂರನ್ನೇ ಬರೆಸಿಕೊಂಡಿದ್ದಾರೆ. 2016ರಲ್ಲಿ ಊರವರ ಅಭಿಪ್ರಾಯ ಕೇಳಿದಾಗ ನೂರಕ್ಕೆ 86 ಜನ ರಾಜ್ಯ ಬೇಕೆಂದರು. 2020ರಲ್ಲೂ 2021ರಲ್ಲೂ ಮಸೂದೆ ಕೆಳಮನೆಯಲ್ಲಿ ಗೆದ್ದು ಸೆನೆಟ್ಟಿನಲ್ಲಿ ನಿಂತುಹೋಯಿತು. ರಾಜ್ಯವಾದರೆ ಇಡಬೇಕೆಂದಿರುವ ಹೆಸರು ವಾಷಿಂಗ್ಟನ್, ಡಗ್ಲಾಸ್ ಕಾಮನ್‌ವೆಲ್ತ್. ಫ್ರೆಡ್ರಿಕ್ ಡಗ್ಲಾಸ್ ಗುಲಾಮನಾಗಿ ಹುಟ್ಟಿ 1838ರಲ್ಲಿ ತಪ್ಪಿಸಿಕೊಂಡು ಬಂದವನು. ಒಂದು ರಾಜ್ಯಕ್ಕೆ ಜೀತದಿಂದ ಓಡಿಬಂದವನ ಹೆಸರು! ಆ ಊರಿನ ಪರವಾಗಿ, ಮತವಿಲ್ಲದ ಪ್ರತಿನಿಧಿಯಾಗಿ, 1991ರಿಂದ ಮೂರು ದಶಕಕ್ಕೂ ಮೀರಿ ಸಂಸತ್ತಿನಲ್ಲಿ ಕೂತ ಎಲೆನರ್ ಹೋಮ್ಸ್ ನಾರ್ಟನ್ ಅವರ ಮುತ್ತಾತ ಕೂಡ ವರ್ಜೀನಿಯಾದ ತೋಟವೊಂದರಿಂದ ತಪ್ಪಿಸಿಕೊಂಡು ವಾಷಿಂಗ್ಟನ್ ಸೇರಿದ ಗುಲಾಮ.

ನಮ್ಮಲ್ಲಿ ನಡೆದದ್ದು ಇದರ ತಿರುಗುಮುರುಗು. 1952ರ ಚುನಾವಣೆಯಲ್ಲಿ ಕೊಳ್ಳೇಗಾಲದ ಜೀತದಾಳುವೂ ಮದರಾಸು ವಿಧಾನಸಭೆಗೆ ಮತ ಹಾಕಿದ. ಒಡೆಯನಿಗೆ ಇದ್ದಷ್ಟೇ ಮತ ಅವನಿಗೂ ಇತ್ತು. ಮತಗಟ್ಟೆಯಿಂದ ಹಿಂದಕ್ಕೆ ಬಂದು ಅದೇ ಕೊಟ್ಟಿಗೆಯ ಸಗಣಿ ಬಾಚಿದ. ರಾಜ್ಯ 1956ರಲ್ಲಿ ಸಿಕ್ಕಿತು, ಬಿಡುಗಡೆ ಸಿಗಲು ಮತ್ತೆ ಹತ್ತೊಂಬತ್ತು ವರ್ಷ. ಮೊದಲು ಮತ, ಆಮೇಲೆ ರಾಜ್ಯ, ಎಲ್ಲಕ್ಕಿಂತ ಕೊನೆಗೆ ಬಿಡುಗಡೆ. ವಾಷಿಂಗ್ಟನ್ನಿಗೆ ಮೊದಲು ಬಿಡುಗಡೆ ಸಿಕ್ಕಿತು, ರಾಜ್ಯ ಇನ್ನೂ ಸಿಕ್ಕಿಲ್ಲ. ಯಾವುದು ಮೊದಲು ಬಂದರೂ ಉಳಿದದ್ದು ಬರುವ ತನಕ ಮನುಷ್ಯ ಅರ್ಧಕ್ಕೇ ನಿಂತಿರುತ್ತಾನೆ ಎಂಬುದೇ ನನಗೆ ಈ ಎರಡೂ ಕಡೆ ಕಾಣುವುದು.

ಮತ ಎಂದರೆ ಏನೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಯಳಂದೂರು ಸೇರಿದ್ದ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತದಿಂದ ಶಾಸಕರಾದದ್ದು! ಆ ಒಂದು ಮತ ಯಾವ ಹಟ್ಟಿಯ ಯಾವ ಗುಡಿಸಲಿನಿಂದ ಬಂತೋ. ಹಿಂದೆ ಜೀತಕ್ಕಿದ್ದ ಒಬ್ಬ ಅಜ್ಜಿ ಕೋಲೂರಿಕೊಂಡು ಹೋಗಿ ಹಾಕಿದ್ದಿರಲೂಬಹುದು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹಬ್ಬದ ಮಾತಿಗೆ ಬರೋಣ. ವಾಷಿಂಗ್ಟನ್ನಿನವರು 1866ರಿಂದ ಮೆರವಣಿಗೆ ಮಾಡುತ್ತಿದ್ದರು. 1901ರ ನಂತರ ಅದು ನಿಂತುಹೋಯಿತು. ನೂರು ವರ್ಷ ಯಾರೂ ಕೇಳಲಿಲ್ಲ. ಆಮೇಲೆ ಲೊರೆಟ್ಟಾ ಕಾರ್ಟರ್ ಹೇನ್ಸ್ ಎಂಬ ಹೆಂಗಸು ಹಠ ಹಿಡಿದು ಊರಿಗೆ ಆ ದಿನವನ್ನು ಮತ್ತೆ ನೆನಪಿಸಿದರು. 2002ರಲ್ಲಿ ಮೆರವಣಿಗೆ ಮರಳಿತು, 2005ರಲ್ಲಿ ಅದು ಊರಿನ ಅಧಿಕೃತ ರಜೆಯಾಯಿತು. ನಿಂತ ಹಬ್ಬವನ್ನು ಮತ್ತೆ ಹಿಡಿದೆತ್ತಲು ಯಾರಾದರೂ ಒಬ್ಬರು ಹೊರಟರೆ ಸಾಕು ಎಂದು ಇದರಿಂದ ನನಗೆ ಧೈರ್ಯ ಬಂದಿದೆ. ನಮ್ಮಲ್ಲಿ ಫೆಬ್ರವರಿ 9ರಂದು ಕಚೇರಿಗಳಲ್ಲಿ ಜೀತ ನಿರ್ಮೂಲನೆಯ ಪ್ರತಿಜ್ಞೆ ಬೋಧಿಸುತ್ತಾರೆ. ಒಳ್ಳೆಯದೇ, ಆದರೆ ಅದು ಕಚೇರಿಯ ಹೊಸಿಲು ದಾಟಿ ಬೀದಿಗೆ ಬಂದಿಲ್ಲ.

ದಿನ ಹಿಡಿಯುವುದನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಲೊಕ್ಕನಹಳ್ಳಿಯಿಂದ ಮುಂದೆ ಒಡೆಯರಪಾಳ್ಯದಲ್ಲಿ ಟಿಬೆಟನ್ನರಿದ್ದಾರೆ. 1970ರ ದಶಕದ ಆರಂಭದಿಂದ ಇಲ್ಲಿ ಮುಸುಕಿನ ಜೋಳ ಬೆಳೆದುಕೊಂಡಿರುವ ಜನ. 1959ರಲ್ಲಿ ಲಾಸಾದಲ್ಲಿ ಎದ್ದ ದಂಗೆಯನ್ನು ಪ್ರತಿ ಮಾರ್ಚ್ 10ರಂದು ನೆನೆಯುತ್ತಾರೆ. ಆ ಊರನ್ನು ಕಣ್ಣಿನಿಂದ ಕಂಡಿರದ, ಇಲ್ಲೇ ಹುಟ್ಟಿ ನಮ್ಮ ಕನ್ನಡವನ್ನು ನಮ್ಮಂತೆಯೇ ಆಡುವ ಹುಡುಗರು ಕೂಡ.

ಇನ್ನು ನಮ್ಮ ಮಾದಪ್ಪನೇ ಇದ್ದಾನಲ್ಲ! ಕಂಸಾಳೆಯವರು ರಾತ್ರಿಯೆಲ್ಲ ಹಾಡುವ ಶ್ರವಣನ ಸಾಲು ಕೇಳಿದ್ದೀರಾ? ಬಂಕಾಪುರಿಯ ದೊರೆ ಶ್ರವಣ ದೇವಾನುದೇವತೆಗಳನ್ನೆಲ್ಲ ಸೆರೆಗೆ ಹಾಕಿ ಊಳಿಗ ಮಾಡಿಸಿಕೊಳ್ಳುತ್ತಾನೆ. ಅವರನ್ನು ಬಿಡಿಸಲು ಹೊರಟ ಮಾದಪ್ಪ ಕತ್ತಿ ಹಿಡಿಯುವುದಿಲ್ಲ. ಹರಳಯ್ಯನ ಕೈಯಲ್ಲಿ ಅರಗಿನ ಪಾದರಕ್ಷೆ ಮಾಡಿಸುತ್ತಾನೆ. ಊರಾಚೆ ಇಟ್ಟ ಕೇರಿಯ ಚಮ್ಮಾರನ ಕಸುಬಿನಿಂದಲೇ ದೊರೆಯ ಸಂಹಾರ, ದೇವತೆಗಳ ಬಿಡುಗಡೆ. ಮಠದಲ್ಲಿ ತಾನೂ ರಾಗಿ ಬೀಸಿದ ದೇವರು ಅವನು, ದುಡಿಮೆಯ ರೆಟ್ಟೆನೋವು ಬಲ್ಲವನು.  ಹತ್ತಿರದ ವಯನಾಡಿನ ವಳ್ಳಿಯೂರ್‌ಕಾವಿನಲ್ಲಿ ಹಿಂದೆ ಬೇರೆಯದೇ ಪದ್ಧತಿ ಇತ್ತು. ಭಗವತಿಯ ಉತ್ಸವದ ಹೊತ್ತಿಗೆ ಜಮೀನ್ದಾರರು ಪಣಿಯ, ಅಡಿಯ ಆದಿವಾಸಿಗಳಿಗೆ ಮುಂಗಡ ಕೊಟ್ಟು, ದೇವಿಯ ಸಾಕ್ಷಿಯಾಗಿ ವರ್ಷದ ಜೀತಕ್ಕೆ ಕಟ್ಟಿಕೊಳ್ಳುತ್ತಿದ್ದರು. ಅಲ್ಲಿ ದೇವರನ್ನು ಜೀತಕ್ಕೆ ಸಾಕ್ಷಿ ನಿಲ್ಲಿಸಿದರು. ನಮ್ಮ ಬೆಟ್ಟದ ದೇವರು ಜೀತ ಮುರಿದವನು. ಇಂಥ ಕತೆಯನ್ನು ಮನೆಯಲ್ಲಿಟ್ಟುಕೊಂಡ ನಾವು ಬಿಡುಗಡೆಯ ಹಬ್ಬಕ್ಕೆ ಹಾಡು ಎಲ್ಲಿಂದ ತರುವುದು ಎಂದು ಕೇಳಬೇಕೆ?

ನನ್ನ ಆಸೆ ಇಷ್ಟು. ಅಕ್ಟೋಬರ್ 25ರ ಸಂಜೆ ನಮ್ಮ ಊರ ಮುಂದೆ ಕಂಸಾಳೆಯ ದೇವರಗುಡ್ಡರನ್ನು ಕರೆಸಿ ಶ್ರವಣನ ಸಾಲು ಹಾಡಿಸಬೇಕು. ಅಲ್ಲಿಂದ ಶುರುವಾದ ಹಬ್ಬ ನವೆಂಬರ್ ಒಂದಕ್ಕೆ ಮುಗಿಯಬೇಕು. ನಮ್ಮ ತಾಲ್ಲೂಕಿನಲ್ಲಿ ಜೀತದಿಂದ ಬಿಡುಗಡೆಯಾದವರ ಹೆಸರುಗಳನ್ನು, ಅವರೂ ಮನೆಯವರೂ ಒಪ್ಪಿದರೆ, ವೇದಿಕೆಯ ಮೇಲೆ ಗಟ್ಟಿಯಾಗಿ ಓದಬೇಕು. ವಾಷಿಂಗ್ಟನ್ನಿನ ಗುಲಾಮರ ಹೆಸರು ಉಳಿದದ್ದು ಒಡೆಯರು ದುಡ್ಡಿಗಾಗಿ ಬರೆದ ಅರ್ಜಿಗಳಿಂದ. ನಮ್ಮವರ ಹೆಸರು ಅವರದೇ ಹೆಬ್ಬೆಟ್ಟಿನ ಪಕ್ಕದಲ್ಲಿ ಇದೆ, ಕಡತ ಬಿಚ್ಚಬೇಕಷ್ಟೆ. ಇದನ್ನು ದೊಡ್ಡಪ್ಪನ ಹತ್ತಿರ ಹೇಳಿದಾಗ ಅವರು ಕೇಳಿದ್ದು ಒಂದೇ: “ನಮ್ಮಪ್ಪನ ಹೆಸರೂ ಓದಿಯಾ ಮೊಗ? ಅವನ್ಗ ಕಾಗ್ದ ಆಗ್ನಿಲ್ಲ, ಅದಕ್ಕೂ ಮುಂಚಯೇ ಸತ್ತೋದ.” ಓದಲೇಬೇಕು. ಕಡತದಲ್ಲಿ ಇಲ್ಲದವರಿಗೂ ಆ ಸಂಜೆ ಜಾಗ ಇರಬೇಕು.

ತಾರೀಕಿನ ಬಗ್ಗೆ ಮಾತ್ರ ನಾನು ಹಠ ಬಿಡುವವನಲ್ಲ. ದೀಪಾವಳಿ ಹೆಚ್ಚುಕಡಿಮೆ ಆ ಆಸುಪಾಸಿನಲ್ಲೇ ಬರುತ್ತದೆ. ಕೊಡಗಿನ ಕಾಫಿ ತೋಟ, ತಮಿಳುನಾಡಿನ ಕಲ್ಲು ಕ್ವಾರಿ, ತಿರುಪ್ಪೂರಿನ ಗಾರ್ಮೆಂಟ್ಸ್ ಎಂದು ಗುಳೆ ಹೋದ ನಮ್ಮ ಹುಡುಗರು ಆಗ ನಡೆಯುವ ಬೆಟ್ಟದ ಜಾತ್ರೆಗೆಂದು ಊರಿಗೆ ಬಂದಿರುತ್ತಾರೆ. ಹಬ್ಬದ ಖರ್ಚಿಗೆ ಕೈ ಬರಿದಾದಾಗ ಮೇಸ್ತ್ರಿ ಬಂದು ಮುಂಗಡ ಎಣಿಸುತ್ತಾನೆ. ಮುಂಗಡ ತೀರುವ ತನಕ ಕೆಲಸ ಬಿಟ್ಟು ಬರುವ ಹಾಗಿಲ್ಲ, ತೀರಿತೇ ಎಂದು ಲೆಕ್ಕ ಹೇಳುವವನೂ ಮೇಸ್ತ್ರಿಯೇ. 1982ರಲ್ಲಿ ದೆಹಲಿಯ ಏಷ್ಯಾಡ್ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಭಗವತಿಯವರು, ಹಸಿವಿನ ಒತ್ತಾಯಕ್ಕೆ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೆಯ ವಿಧಿ ಅದನ್ನು ನಿಷೇಧಿಸುತ್ತದೆ ಎಂದು ತೀರ್ಪು ಕೊಟ್ಟರು. ಆ ತೀರ್ಪನ್ನೂ ಹದಿನೈದನೆಯ ಕಲಮನ್ನೂ ಸರಳವಾದ ಕನ್ನಡದಲ್ಲಿ ಒಂದು ಹಾಳೆಗೆ ಅಚ್ಚು ಹಾಕಿಸಿ, ಕಂಸಾಳೆ ಕೇಳಲು ಕೂತ ಪ್ರತಿ ಹುಡುಗನ ಕೈಗೂ ಕೊಡಬೇಕು. ತಾಲ್ಲೂಕು ಕೇಂದ್ರ ಹನೂರಿನಿಂದ ಅಧಿಕಾರಿಗಳು ಬಂದರೆ ಅವರ ಫೋನ್ ನಂಬರನ್ನೂ ಅದೇ ಹಾಳೆಯ ಕೆಳಗೆ ಹಾಕಿಸೋಣ. ಇದೆಲ್ಲ ಮೇಸ್ತ್ರಿ ದುಡ್ಡು ಎಣಿಸುವ ಮುಂಚೆ ಆಗಬೇಕು.